ಮಷಿನ್ ಹೊಟ್ಟೆಯೊಳಗಿನ ವೈರು



ಉಳಿತಾಯ, ಲೆಕ್ಕಪುಸ್ತಕ, ಬ್ಯಾಂಕ್ ಸಾಲ, ರಕ್ತಹೀನತೆ, ಮಕ್ಕಳ ಶಾಲೆ ಎಲ್ಲದರ ಬಗ್ಗೆ ಈ ಪುಟದಲ್ಲಿ ಮಾತಾಡಿದ್ದೇವೆ. ಈ ಸಲದ ಪಾಠ ವೈರಿನ ಬಗ್ಗೆ. ಬೆಳಗಾವಿಯ ಒಂದು ಸಭೆಯಲ್ಲಿ ಈ ಮಾತು ತೆಗೆದಾಗ ಹಿಂದೆ ಕುಳಿತಿದ್ದ ಅಕ್ಕ ಒಬ್ಬರು, "ಸಿಸ್ಟರ, ನಾವೇನ್ ಲೈನ್‌ಮನ್ ಆಗೂದೈತೇನ್ರಿ?" ಎಂದು ಕೇಳಿ ಎಲ್ಲರನ್ನೂ ನಗಿಸಿದರು. ಲೈನ್‌ಮನ್ ಆಗುವುದು ಬೇಡ. ಆದರೆ ನಿಮ್ಮ ಸಂಘಗಳಲ್ಲಿ ಈಗ ಎಷ್ಟು ಮಷಿನ್‌ಗಳಿವೆ ನೋಡಿ. ಶಾವಿಗೆ ಮಷಿನ್, ರೊಟ್ಟಿ ಮಷಿನ್, ಖಾರದ ಗಿರಣಿ, ಹಿಟ್ಟಿನ ಗಿರಣಿ, ಮೋಟರ್ ಕೂಡಿಸಿದ ಹೊಲಿಗೆ ಯಂತ್ರ, ಮನೆಯಲ್ಲಿ ಮಿಕ್ಸರ್. ಎಲ್ಲದರ ಹೊಟ್ಟೆಯೊಳಗೂ ನಾಲ್ಕಾರು ವೈರುಗಳಿವೆ. ನಾವು ಹೊರಗಿನ ಬಣ್ಣ ನೋಡುತ್ತೇವೆ, ರೇಟು ಕೇಳುತ್ತೇವೆ, ಕಂತು ಲೆಕ್ಕ ಹಾಕುತ್ತೇವೆ. ಒಳಗೆ ನೋಡುವುದೇ ಇಲ್ಲ. ನಾನೂ ನೋಡಿರಲಿಲ್ಲ. ಅದನ್ನೇ ಮೊದಲು ಹೇಳುತ್ತೇನೆ.

ಹನ್ನೆರಡು ಮಂದಿಯ ಗಿರಣಿ

ಖಾನಾಪುರ ತಾಲೂಕಿನ ಜಾಂಬೋಟಿ ಕಡೆಯ ಒಂದು ಹಳ್ಳಿ. ಕೆಲವು ವರ್ಷಗಳ ಹಿಂದಿನ ಮಾತು. ಹನ್ನೆರಡು ಮಂದಿಯ ಸಂಘ ಸಾಲ ತೆಗೆದು ಒಂದು ಖಾರದ ಗಿರಣಿ ತಂದಿತು. ಹೊಸದಲ್ಲ, ಬೇರೆಯವರು ನಡೆಸಿ ಬಿಟ್ಟದ್ದು. ಎರಡು ಎಚ್.ಪಿ. ಮೋಟರ್. ಸಾಲದ ಅರ್ಜಿಯನ್ನು ನಾನೇ ಕೂತು ಓದಿದ್ದೆ. ಮೆಣಸಿನಕಾಯಿ ಎಲ್ಲಿಂದ ತರುತ್ತೀರಿ, ಕಿಲೋಕ್ಕೆ ಎಷ್ಟು ಕೂಲಿ, ಯಾರ ಮನೆಯಲ್ಲಿ ಇಡುತ್ತೀರಿ, ಲೆಕ್ಕ ಯಾರು ಬರೆಯುತ್ತಾರೆ ಎಂದೆಲ್ಲ ಕೇಳಿದ್ದೆ. ಅರ್ಥಿಂಗ್ ಇದೆಯೇ ಎಂದು ಕೇಳಲಿಲ್ಲ. ಸಮಾಜಕಾರ್ಯದ ಎಂ.ಎ. ಪದವಿಯಲ್ಲಿ ಅದು ಇರಲಿಲ್ಲ ಎಂದು ನೆಪ ಹೇಳಬಹುದು, ಆದರೆ ನೆಪ ನೆಪವೇ.

ಬೇಸಿಗೆಯಲ್ಲಿ ಗಿರಣಿ ಚೆನ್ನಾಗಿ ನಡೆಯಿತು. ಮದುವೆ ಸೀಸನ್, ವರ್ಷದ ಖಾರ ಕುಟ್ಟಿಸುವ ಕಾಲ. ಜೂನ್‌ನಲ್ಲಿ ಮಳೆ ಹಿಡಿಯಿತು. ಖಾನಾಪುರದ ಪಶ್ಚಿಮದ ಮಳೆ ನಿಮಗೆ ಗೊತ್ತು. ಕಣಕುಂಬಿ, ಜಾಂಬೋಟಿ ಕಡೆ ಒಮ್ಮೆ ಹಿಡಿದರೆ ಗೋಡೆಯೂ ಬೆವರುತ್ತದೆ. ಆಗ ಗಿರಣಿ ಮುಟ್ಟಿದವರಿಗೆ ಜುಮ್ ಎನ್ನತೊಡಗಿತು. "ಮಳಿಗಾಲದಾಗ ಹಂಗ ಆಗೂದ" ಎಂದರು ಒಬ್ಬರು. ಕಾಲಡಿ ಒಂದು ಹಲಗೆ ಹಾಕಿಕೊಂಡರು, ರಬ್ಬರ್ ಚಪ್ಪಲಿ ಮೆಟ್ಟಿಕೊಂಡರು, ಕೆಲಸ ಮುಂದುವರಿಸಿದರು. ಮೂರು ವಾರ ಹಾಗೆಯೇ ನಡೆಯಿತು. ಕಂತು ಕಟ್ಟಬೇಕಲ್ಲ!

ಒಂದು ದಿನ ಖಾರ ಕುಟ್ಟಿಸಲು ಬಂದ ಅಕ್ಕ ಒಬ್ಬರು, ಅವರು ಸಂಘದವರೂ ಅಲ್ಲ, ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ಗಿರಣಿಯ ಸ್ಟ್ಯಾಂಡ್ ಹಿಡಿದರು. ಕರೆಂಟ್ ಹೊಡೆದು ಹಿಂದಕ್ಕೆ ಬಿದ್ದರು. ಬಿದ್ದದ್ದೇ ಪುಣ್ಯ, ಕೈ ಬಿಟ್ಟಿತು. ಹಿಡಿದ ಕೈ ಹಿಡಿದೇ ಇದ್ದಿದ್ದರೆ ನಾನು ಈ ಪಾಠವನ್ನು ಬೇರೆ ರೀತಿ ಬರೆಯಬೇಕಾಗುತ್ತಿತ್ತು. ಬಲಗೈ ಮಣಿಕಟ್ಟಿನ ಮೂಳೆ ಮುರಿದಿತ್ತು. ಆಸ್ಪತ್ರೆ ಖರ್ಚು ಎಂಟು ಸಾವಿರದ ಹತ್ತಿರ ಬಂತು, ಅದನ್ನು ಸಂಘವೇ ಕೊಟ್ಟಿತು. ಗಿರಣಿ ನಿಂತಿತು. ಕಂತು ನಿಲ್ಲಲಿಲ್ಲ.

ಆಮೇಲೆ ಜಗಳ. ಹಳೆಯ ಮಷಿನ್ ತರೋಣ ಎಂದವರು ಯಾರು? ಖಜಾಂಚಿ ಅಕ್ಕ ಎಂದರು. ಜುಮ್ ಎನ್ನುತ್ತಿದ್ದಾಗ ಹೇಳದೆ ಇದ್ದವರು ಯಾರು? ಎಲ್ಲರೂ. ಖಜಾಂಚಿ ಅಕ್ಕ ಪುಸ್ತಕ ತಂದು ನನ್ನ ಮುಂದೆ ಇಟ್ಟು, "ನನಗಿದು ಸಾಕಾತ್ರಿ ಸಿಸ್ಟರ" ಎಂದು ಅತ್ತರು. ಸಂಘ ಒಡೆಯುವ ಹಂತಕ್ಕೆ ಬಂದಿತ್ತು.

ಹಳ್ಳಿಯಲ್ಲಿ ಐಟಿಐ ಎಲೆಕ್ಟ್ರಿಷಿಯನ್ ಕಲಿತ ಒಬ್ಬ ಹುಡುಗ ಇದ್ದ. ಅವನನ್ನು ಕರೆಸಿ, ಎಲ್ಲರೂ ಸುತ್ತ ಕೂತು, ಪ್ಲಗ್ ಕಿತ್ತು ಗಿರಣಿಯ ಸ್ವಿಚ್ ಡಬ್ಬಿ ಬಿಚ್ಚಿಸಿದೆವು. ಅವನು ಮೂರು ತಪ್ಪು ತೋರಿಸಿದ. ಆ ಮೂರನ್ನೂ ನಿಮಗೆ ಹೇಳಬೇಕೆಂದೇ ಇಷ್ಟು ಕಥೆ.

ಒಂದು, ವೈರು ತಗಡಿನ ಡಬ್ಬಿಯೊಳಗೆ ಹೋಗುವ ತೂತಿನ ಅಂಚು ಹರಿತವಾಗಿತ್ತು. ಅಲ್ಲಿ ರಬ್ಬರ್ ಬುಷ್ ಇರಲಿಲ್ಲ. ಗಿರಣಿ ನಡುಗಿದಾಗಲೆಲ್ಲ ತಗಡು ವೈರಿನ ಮೇಲಿನ ಪ್ಲಾಸ್ಟಿಕ್ಕನ್ನು ಸ್ವಲ್ಪ ಸ್ವಲ್ಪ ಕೆರೆದು, ಒಳಗಿನ ಲೋಹ ಹೊರಗೆ ಬಂದಿತ್ತು. ಎರಡು, ಹಿಂದೆ ಯಾರೋ ರಿಪೇರಿ ಮಾಡಿದಾಗ ಮನೆಯ ಗೋಡೆಗೆ ಹಾಕುವ ಒಂಟಿ ಎಳೆಯ ಅಲ್ಯೂಮಿನಿಯಂ ವೈರನ್ನು ತಾಮ್ರದ ವೈರಿಗೆ ತಿರುವಿ, ಮೇಲೆ ಟೇಪ್ ಸುತ್ತಿದ್ದರು. ಆ ಜೋಡಣೆ ಕಾದು ಕಾದು ಟೇಪ್ ಕರಗಿ ಕಪ್ಪಾಗಿತ್ತು. ಮೂರು, ಮೂರು ಪಿನ್ನಿನ ಪ್ಲಗ್ ಮನೆಯ ಸಾಕೆಟ್ಟಿಗೆ ಹೊಂದಲಿಲ್ಲವೆಂದು ಎರಡು ಪಿನ್ನಿನದನ್ನು ಹಾಕಿ, ಹಸಿರು ವೈರನ್ನು ಕತ್ತರಿಸಿ ಒಳಗೆ ಮಡಚಿ ಇಟ್ಟಿದ್ದರು. ಅದನ್ನು ಮಾಡಿದವರು ನಾವೇ. ಗಿರಣಿ ತಂದ ದಿನವೇ.

ಅಂದರೆ ಮಳೆಯ ತಪ್ಪಲ್ಲ. ಮಳೆ ಬರೀ ನೆಲ ಒದ್ದೆ ಮಾಡಿತು.

ಒಳವೈರು ಎಂದರೇನು

ಮನೆಯ ಗೋಡೆಯಲ್ಲಿ ಓಡುವ ವೈರು ಬೇರೆ, ಮಷಿನ್‌ನಿಂದ ಗೋಡೆಯ ಸಾಕೆಟ್ಟಿಗೆ ಬರುವ ದಪ್ಪ ಕೇಬಲ್ ಬೇರೆ, ಮಷಿನ್‌ನ ಒಳಗೆ ಸ್ವಿಚ್‌ನಿಂದ ಮೋಟರಿಗೆ, ಮೋಟರ್‌ನಿಂದ ಕಂಡೆನ್ಸರ್‌ಗೆ ಹೋಗುವ ತುಂಡು ವೈರುಗಳು ಬೇರೆ. ಈ ಮೂರನೆಯದಕ್ಕೆ ಇಂಗ್ಲಿಷಿನಲ್ಲಿ ಹುಕ್‌ಅಪ್ ವೈರ್ ಎನ್ನುತ್ತಾರೆ. ಅಂಗಡಿಯಲ್ಲಿ ಫ್ಲೆಕ್ಸಿಬಲ್ ವೈರ್ ಎಂದು ಕೇಳಿದರೂ ತಿಳಿಯುತ್ತದೆ. ನಾವು ಒಳವೈರು ಎನ್ನೋಣ.

ಒಳವೈರಿನ ತುದಿಯ ಪ್ಲಾಸ್ಟಿಕ್ ಸುಲಿದರೆ ಒಳಗೆ ಒಂದೇ ದಪ್ಪ ತಂತಿ ಇರುವುದಿಲ್ಲ. ಕೂದಲಿಗಿಂತ ಸ್ವಲ್ಪ ದಪ್ಪವಾದ ತಾಮ್ರದ ಎಳೆಗಳು ಹುರಿಗೊಂಡು ಇರುತ್ತವೆ. ವಡಗಾವಿಯ ಸಂಘದಲ್ಲಿ ಇದನ್ನು ತೋರಿಸಿದಾಗ ನಾನು ವಿವರಿಸುವ ಮೊದಲೇ ಉತ್ತರ ಬಂತು. ಅಲ್ಲಿಯವರು ಮಗ್ಗದ ಮನೆಯವರು. "ಒಂದ ದಪ್ಪ ದಾರ ಆದ್ರ ಮಡಚಿದಲ್ಲೇ ಕಡೀತೈತ್ರಿ, ಹುರಿ ಮಾಡಿದ್ರ ತಾಳ್ತೈತಿ" ಎಂದರು ಒಬ್ಬ ಅಜ್ಜಿ. ಅದೇ ಕಾರಣ. ಗೋಡೆಯ ಒಳಗೆ ಇರುವ ವೈರು ಅಲುಗಾಡುವುದಿಲ್ಲ, ಅಲ್ಲಿ ಒಂಟಿ ಎಳೆ ನಡೆಯುತ್ತದೆ. ಮಷಿನ್ ನಡುಗುತ್ತದೆ. ಮಿಕ್ಸರ್ ಮೋಟರ್ ನಿಮಿಷಕ್ಕೆ ಹದಿನೆಂಟು ಇಪ್ಪತ್ತು ಸಾವಿರ ಸುತ್ತು ತಿರುಗುತ್ತದೆ. ಆ ನಡುಕದಲ್ಲಿ ಒಂಟಿ ತಂತಿ ಸ್ಕ್ರೂ ಹತ್ತಿರ ದಣಿದು ಮುರಿಯುತ್ತದೆ. ಹತ್ತಿಪ್ಪತ್ತು ಎಳೆ ಇದ್ದರೆ ಬಾಗಿ ತಾಳಿಕೊಳ್ಳುತ್ತದೆ.

ತಾಮ್ರವೇ ಯಾಕೆ? ವಿದ್ಯುತ್ತು ಸುಲಭವಾಗಿ ಹರಿಯುವ ಲೋಹಗಳಲ್ಲಿ ಬೆಳ್ಳಿ ಮೊದಲು, ತಾಮ್ರ ಎರಡನೆಯದು. ಬೆಳ್ಳಿಯನ್ನು ಕಾಲಿಗೆ ಹಾಕಿಕೊಳ್ಳುವುದೇ ಕಷ್ಟವಾಗಿರುವಾಗ ಮಷಿನ್‌ಗೆ ಹಾಕುವವರು ಯಾರು? ಅಲ್ಯೂಮಿನಿಯಂ ಅಗ್ಗ, ಹಗುರ. ಆದರೆ ತಾಮ್ರ 100 ಪಾಲು ಕರೆಂಟ್ ಒಯ್ದರೆ ಅಷ್ಟೇ ದಪ್ಪದ ಅಲ್ಯೂಮಿನಿಯಂ ಸುಮಾರು 60 ಪಾಲು ಒಯ್ಯುತ್ತದೆ. ನಮ್ಮ ಬೆಳಗಾವಿಯ ಯಮನಾಪುರದಲ್ಲಿ ಅಲ್ಯೂಮಿನಾ ತಯಾರಿಸುವ ಕಾರ್ಖಾನೆ ಇದೆಯಲ್ಲ, ಹಿಂಡಾಲ್ಕೊದವರದ್ದು, ಅಲ್ಯೂಮಿನಿಯಂ ಆಗುವುದು ಅಂಥ ಬಿಳಿ ಪುಡಿಯಿಂದಲೇ. ಅದನ್ನು ನಾನು ಹೀನಾಯ ಮಾಡುತ್ತಿಲ್ಲ. ಕಂಬದಿಂದ ಕಂಬಕ್ಕೆ ಎಳೆದ ಲೈನುಗಳಲ್ಲಿ ಅಲ್ಯೂಮಿನಿಯಮ್ಮೇ ಇರುವುದು, ಹಗುರವಾದ್ದರಿಂದ ಕಂಬಕ್ಕೆ ಭಾರವಿಲ್ಲ. ಆದರೆ ಚಿಕ್ಕ ಡಬ್ಬಿಯೊಳಗೆ ಅದಕ್ಕೆ ಎರಡು ದೋಷ. ಗಾಳಿ ತಾಗಿದ ಕೂಡಲೇ ಮೇಲೆ ಒಂದು ತೆಳು ಪದರ ಕಟ್ಟುತ್ತದೆ, ಆ ಪದರದಲ್ಲಿ ಕರೆಂಟ್ ಸರಿಯಾಗಿ ಹರಿಯುವುದಿಲ್ಲ. ಸ್ಕ್ರೂ ಕೆಳಗೆ ಒತ್ತಿಟ್ಟರೆ ಕೆಲವು ತಿಂಗಳಲ್ಲಿ ಅಮುಕಿ ಸಡಿಲಾಗುತ್ತದೆ. ಸಡಿಲಾದಲ್ಲಿ ಕಾಯುತ್ತದೆ. ತಾಮ್ರವನ್ನೂ ಅಲ್ಯೂಮಿನಿಯಮ್ಮನ್ನೂ ನೇರವಾಗಿ ತಿರುವಿ, ಅದಕ್ಕೆ ಮಳೆಗಾಲದ ತಂಪು ತಾಗಿದರೆ ಜೋಡಣೆ ತಿಂದುಹೋಗುತ್ತದೆ. ಜಾಂಬೋಟಿಯ ಗಿರಣಿಯಲ್ಲಿ ಆದದ್ದು ಅದೇ.

ಕಲಾಯಿಯ ಪರೀಕ್ಷೆ

ತಾಮ್ರದ ಬೆಲೆ ಏರಿದಂತೆ ಮೋಸವೂ ಏರಿದೆ. ಅಲ್ಯೂಮಿನಿಯಂ ಎಳೆಯ ಮೇಲೆ ತಾಮ್ರದ ತೆಳು ಪೊರೆ ಹಾಕಿ, ತಾಮ್ರದ್ದೆಂದು ಮಾರುವವರಿದ್ದಾರೆ. ಸುಲಿದು ನೋಡಿದರೆ ಕೆಂಪಗೆ ಹೊಳೆಯುತ್ತದೆ. ಮನೆಗೆ ತಂದು ಒಂದು ಎಳೆಯನ್ನು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪೇ ಇದ್ದರೆ ತಾಮ್ರ. ಒಳಗೆ ಬಿಳಿ ಕಂಡರೆ ಮೋಸ. ಕೈಯಲ್ಲಿ ತೂಗಿದರೂ ತಿಳಿಯುತ್ತದೆ. ಒಂದೇ ಗಾತ್ರದ ತಾಮ್ರ ಅಲ್ಯೂಮಿನಿಯಮ್ಮಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ.

ಇಲ್ಲಿ ಒಂದು ಎಚ್ಚರಿಕೆ. ಕೆಲವು ಒಳ್ಳೆಯ ಒಳವೈರುಗಳು ಹೊರಗೇ ಬಿಳಿಯಾಗಿರುತ್ತವೆ. ಅದನ್ನು ನೋಡಿ ಅಲ್ಯೂಮಿನಿಯಂ ಎಂದು ಅಂಗಡಿಯವರ ಜೊತೆ ಜಗಳಕ್ಕೆ ಹೋಗಬೇಡಿ. ಅದು ಕಲಾಯಿ ಹಾಕಿದ ತಾಮ್ರ. ನಮ್ಮ ಅಜ್ಜಿಯರು ತಾಮ್ರದ ಹಂಡೆ, ಹಿತ್ತಾಳೆ ಪಾತ್ರೆಗೆ ಕಲಾಯಿ ಮಾಡಿಸುತ್ತಿದ್ದರಲ್ಲ, ಅದೇ ತವರ. ಕಲಾಯಿ ಇಲ್ಲದ ತಾಮ್ರದ ಪಾತ್ರೆ ಕಿಲುಬು ಹಿಡಿದ ಹಾಗೆ ತಾಮ್ರದ ಎಳೆಯೂ ತಂಪಿನಲ್ಲಿ ಮಸುಕಾಗುತ್ತದೆ. ಕಲಾಯಿ ಇದ್ದರೆ ಅದು ಕಡಿಮೆ, ಬೆಸುಗೆಯೂ ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ನೆನಪಿಡಿ: ಹೊರಗೆ ಬಿಳಿ ಒಳಗೆ ಕೆಂಪು ಇದ್ದರೆ ಒಳ್ಳೆಯ ಮಾಲು, ಹೊರಗೆ ಕೆಂಪು ಒಳಗೆ ಬಿಳಿ ಇದ್ದರೆ ಕಳ್ಳ ಮಾಲು.

ತಾಮ್ರ ಎಲ್ಲಿಂದಲೋ ಬಂದ ವಿದೇಶಿ ವಸ್ತು ಎಂದು ತಿಳಿಯಬೇಡಿ. ಚಿತ್ರದುರ್ಗದ ಹತ್ತಿರ ಇಂಗಳದಾಳದಲ್ಲಿ ತಾಮ್ರದ ಗಣಿ ನಡೆಯುತ್ತಿತ್ತು. ಇನ್ನು ಒಳವೈರಿನ ಕೆಲಸ ಗಂಡಸರದ್ದು ಎನ್ನುವವರಿಗೆ ಒಂದು ಮಾತು. 1948ರಲ್ಲಿ ಬೆಂಗಳೂರಿನಲ್ಲಿ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಆರಂಭವಾಯಿತು. ದೂರವಾಣಿ ನಗರ ಎಂಬ ಊರೇ ಅದರಿಂದ ಹುಟ್ಟಿತು. ಅಲ್ಲಿ ಟೆಲಿಫೋನಿನ ಭಾಗಗಳನ್ನು ಜೋಡಿಸುವ, ವೈರು ಬೆಸೆಯುವ ಕೆಲಸದಲ್ಲಿ ಸಾವಿರಾರು ಹೆಣ್ಣುಮಕ್ಕಳು ದುಡಿದರು. ಬಣ್ಣ ಬಣ್ಣದ ನೂರಾರು ಎಳೆಗಳಲ್ಲಿ ಯಾವುದು ಎಲ್ಲಿಗೆ ಎಂದು ತಪ್ಪದೆ ಸೇರಿಸಬೇಕು. ಕಸೂತಿ ಹಾಕುವ ಕೈಗೆ ಅದೇನು ಕಷ್ಟ?

ಎಷ್ಟು ದಪ್ಪ ಬೇಕು

ಇದು ಸ್ವಲ್ಪ ಲೆಕ್ಕದ ಭಾಗ, ಆದರೆ ಬಡ್ಡಿ ಲೆಕ್ಕ ಹಾಕುವ ನಿಮಗೆ ಇದೇನೂ ಅಲ್ಲ. ಮಷಿನ್ ಮೇಲೆ ಒಂದು ಚಿಕ್ಕ ತಗಡಿನ ಪಟ್ಟಿ ಇರುತ್ತದೆ. ಅದರಲ್ಲಿ ವಾಟ್ ಎಷ್ಟು, ಕೆಲವದರಲ್ಲಿ ಆಂಪಿಯರ್ ಎಷ್ಟು ಎಂದು ಕೆತ್ತಿರುತ್ತಾರೆ. ಆಂಪಿಯರ್ ಎಂದರೆ ವೈರಿನಲ್ಲಿ ಹರಿಯುವ ಕರೆಂಟಿನ ಪ್ರಮಾಣ, ನಳದಲ್ಲಿ ನೀರು ಎಷ್ಟು ಹರಿಯುತ್ತದೆ ಎಂಬ ಹಾಗೆ. ವಾಟನ್ನು 230ರಿಂದ ಭಾಗಿಸಿದರೆ ಸುಮಾರು ಆಂಪಿಯರ್ ಸಿಗುತ್ತದೆ. 750 ವಾಟಿನ ಮಿಕ್ಸರ್ ಆದರೆ ಮೂರು ಚಿಲ್ಲರೆ ಆಂಪಿಯರ್. ಗಿರಣಿಯಂಥ ಎಚ್.ಪಿ. ಮೋಟರುಗಳಿಗೆ ಈ ಭಾಗಾಕಾರ ಸಾಲದು. ಮೋಟರಿನಲ್ಲಿ ಸ್ವಲ್ಪ ಶಕ್ತಿ ಬಿಸಿಯಾಗಿ ಹೋಗುವುದರಿಂದ ಅದು ಹೆಚ್ಚು ಎಳೆಯುತ್ತದೆ. ಅಲ್ಲಿ ಪಟ್ಟಿಯ ಮೇಲೆ ಬರೆದ ಆಂಪಿಯರ್ ನೋಡಬೇಕು. ಮೋಟರ್ ಚಾಲೂ ಆಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ ಎಂಬುದನ್ನೂ ಮರೆಯಬಾರದು. ಗಿರಣಿ ಹಾಕಿದಾಗ ಬಲ್ಬ್ ಮಂಕಾಗುವುದು ಅದಕ್ಕೇ.

ವೈರಿನ ದಪ್ಪವನ್ನು ಚದರ ಮಿಲಿಮೀಟರ್‌ನಲ್ಲಿ ಹೇಳುತ್ತಾರೆ. ಅಂಗಡಿಯಲ್ಲಿ "ಒಂದು ಸ್ಕ್ವೇರ್, ಒಂದೂವರೆ ಸ್ಕ್ವೇರ್" ಎನ್ನುತ್ತಾರೆ. 0.2 ಮಿಲಿಮೀಟರ್ ದಪ್ಪದ 16 ಎಳೆ ಸೇರಿದರೆ ಅರ್ಧ ಚದರ ಮಿಲಿಮೀಟರ್, 24 ಎಳೆ ಸೇರಿದರೆ ಮುಕ್ಕಾಲು, 32 ಎಳೆ ಸೇರಿದರೆ ಒಂದು. ಬೆಳಕಿನ ಬಲ್ಬ್, ಚಿಕ್ಕ ಫ್ಯಾನಿಗೆ ಅರ್ಧ ಸಾಕು, ಅದು ಮೂರು ಆಂಪಿಯರ್‌ಗೆ. ಮುಕ್ಕಾಲು ಚದರದ್ದು ಆರು ಆಂಪಿಯರ್, ಮಿಕ್ಸರಿಗೆ ಸರಿ. ಒಂದು ಚದರದ್ದು ಹತ್ತು ಆಂಪಿಯರ್. ಒಂದೂವರೆ ಚದರದ್ದು ಹದಿನೈದರ ಹತ್ತಿರ. ಜಾಂಬೋಟಿಯ ಎರಡು ಎಚ್.ಪಿ. ಗಿರಣಿಗೆ ಆ ಹುಡುಗ ಎರಡೂವರೆ ಚದರದ ತಾಮ್ರ ಹಾಕಿದ. ಸ್ವಲ್ಪ ಹೆಚ್ಚೇ ಇರಲಿ ಎಂದ. ವೈರಿನಲ್ಲಿ ಜಿಪುಣತನ ಬೇಡ ಎಂಬುದು ನನ್ನ ಅಭಿಪ್ರಾಯ ಕೂಡ. ಇಕ್ಕಟ್ಟಾದ ವೈರು ಕಾಯುತ್ತದೆ, ಕಾದದ್ದು ಪ್ಲಾಸ್ಟಿಕ್ಕನ್ನು ಒಣಗಿಸುತ್ತದೆ, ಒಣಗಿದ್ದು ಬಿರುಕು ಬಿಡುತ್ತದೆ.

ಮೇಲಿನ ಚರ್ಮ

ತಾಮ್ರ ಕರೆಂಟನ್ನು ಒಯ್ಯುತ್ತದೆ, ನಮ್ಮ ಪ್ರಾಣ ಉಳಿಸುವುದು ಮೇಲಿನ ಪ್ಲಾಸ್ಟಿಕ್. ಇದನ್ನು ಇನ್ಸುಲೇಶನ್ ಎನ್ನುತ್ತಾರೆ. ಸಾಮಾನ್ಯವಾಗಿ ಪಿವಿಸಿ ಇರುತ್ತದೆ. ಸಾದಾ ಪಿವಿಸಿ 70 ಡಿಗ್ರಿ ಬಿಸಿಯವರೆಗೆ ತಾಳುತ್ತದೆ. ಬಿಸಿ ತಾಳುವ ಎಚ್‌ಆರ್ ಪಿವಿಸಿ ಎಂಬುದು 85 ಡಿಗ್ರಿಯವರೆಗೆ. ಮೋಟರ್, ಸ್ವಿಚ್ಚಿನ ಕೆಲಸಕ್ಕೆ ಇವು ಸಾಕು. ಆದರೆ ಇಸ್ತ್ರಿ ಪೆಟ್ಟಿಗೆ, ಹೀಟರ್, ಬಿಸಿಯಾಗುವ ರೊಟ್ಟಿ ಮಷಿನ್‌ನ ತಟ್ಟೆ ಇವುಗಳ ಒಳಗೆ ಪಿವಿಸಿ ಹಾಕಿದರೆ ಬೆಣ್ಣೆಯ ಹಾಗೆ ಕರಗುತ್ತದೆ. ಅಲ್ಲಿಗೆ ಸಿಲಿಕಾನ್ ರಬ್ಬರಿನ ವೈರು ಅಥವಾ ಗಾಜಿನ ನಾರಿನ ತೋಳು ಹಾಕಿದ ವೈರು ಬೇಕು. ರಿಪೇರಿಯವರು ಕೈಗೆ ಸಿಕ್ಕ ವೈರು ಹಾಕಿಕೊಟ್ಟರೆ "ಇದು ಬಿಸಿ ತಾಳ್ತದೇನ್ರಿ?" ಎಂದು ಕೇಳಿ. ಕೇಳುವುದಕ್ಕೆ ಏನೂ ಖರ್ಚಿಲ್ಲ.

ಇನ್ಸುಲೇಶನ್ ಹಾಳಾಗುವ ಕಾರಣಗಳನ್ನು ಖಾನಾಪುರದವರಿಗೆ ನಾನು ಹೇಳಬೇಕಾಗಿಲ್ಲ. ಇಲಿ, ತಂಪು, ಒಲೆಯ ಹೊಗೆ, ಎಣ್ಣೆ. ಗಿರಣಿಯಲ್ಲಿ ಖಾರದ ಪುಡಿ ಹಾರಿ ಡಬ್ಬಿಯೊಳಗೆ ಕೂರುತ್ತದೆ. ಒಣಗಿದ್ದಾಗ ಅದರಿಂದ ತೊಂದರೆ ಕಾಣುವುದಿಲ್ಲ, ತಂಪು ಹೀರಿದರೆ ಅದರ ಮೇಲೂ ಕರೆಂಟ್ ಸೋರುತ್ತದೆ. ಮಳೆಗಾಲಕ್ಕೆ ಮೊದಲು ಡಬ್ಬಿ ಬಿಚ್ಚಿಸಿ ಪುಡಿ ಒರೆಸಿಸುವುದು ಒಳ್ಳೆಯದು. ಒರೆಸುವ ಮೊದಲು ಪ್ಲಗ್ ಕೀಳಬೇಕು, ಸ್ವಿಚ್ ಆರಿಸಿದರೆ ಸಾಲದು. ಕಂಡೆನ್ಸರ್ ಇರುವ ಮೋಟರಾದರೆ ಪ್ಲಗ್ ಕಿತ್ತ ಮೇಲೂ ಅದರಲ್ಲಿ ಕರೆಂಟ್ ಕೂಡಿಟ್ಟಿರುತ್ತದೆ. ಆದ್ದರಿಂದ ಆ ಡಬ್ಬಿಗೆ ನೀವು ಕೈ ಹಾಕಬೇಡಿ, ಕಲಿತವರೇ ಮಾಡಲಿ. ನೀವು ಪಕ್ಕದಲ್ಲಿ ನಿಂತು ನೋಡಿ.

ಬಣ್ಣದ ವಿಷಯ. ಹಳೆಯ ಪದ್ಧತಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಈಗಿನ ಮಷಿನ್ ಕೇಬಲ್ಲುಗಳಲ್ಲಿ ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟಿಯದ್ದು ಅರ್ಥ್. ಯಾವ ವೈರು ಸಿಕ್ಕಿತೋ ಅದನ್ನೇ ಎಲ್ಲದಕ್ಕೂ ಹಾಕುವ ರಿಪೇರಿಯವರಿದ್ದಾರೆ. ಮುಂದೆ ಬಿಚ್ಚುವವರಿಗೆ ಯಾವುದು ಯಾವುದೆಂದು ತಿಳಿಯುವುದಿಲ್ಲ. ಹಸಿರು ವೈರನ್ನು ಅರ್ಥ್ ಬಿಟ್ಟು ಬೇರೆ ಯಾವುದಕ್ಕೂ ಬಳಸಲು ಬಿಡಬೇಡಿ.

ಹಸಿರು ವೈರು ಯಾಕೆ

ಜಾಂಬೋಟಿಯಲ್ಲಿ ಖಜಾಂಚಿ ಅಕ್ಕ ಕೇಳಿದ ಪ್ರಶ್ನೆ ಒಳ್ಳೆಯದಿತ್ತು. "ಹಸಿರು ವಾಯರ ಇಲ್ದನ ಮಷಿನ್ ತಿರುಗತಿತ್ತಲ್ರಿ, ಮತ್ಯಾಕ ಬೇಕು?" ಮಷಿನ್ ತಿರುಗಲು ಅದು ಬೇಡವೇ ಬೇಡ. ಎಲ್ಲ ಸರಿ ಇರುವವರೆಗೆ ಅದಕ್ಕೆ ಕೆಲಸವೇ ಇಲ್ಲ. ಒಳಗೆ ವೈರಿನ ಚರ್ಮ ಹರಿದು ತಗಡಿಗೆ ತಾಗಿದ ದಿನ ಅದರ ಕೆಲಸ. ಆಗ ಕರೆಂಟ್ ಹಸಿರು ವೈರಿನಲ್ಲಿ ಭೂಮಿಗೆ ಓಡುತ್ತದೆ, ಒಮ್ಮೆಲೇ ಬಹಳ ಹರಿಯುವುದರಿಂದ ಫ್ಯೂಸ್ ಹೋಗುತ್ತದೆ ಅಥವಾ ಎಂಸಿಬಿ ಬೀಳುತ್ತದೆ. ಮಷಿನ್ ನಿಂತು ನಿಮಗೆ ಸಿಟ್ಟು ಬರುತ್ತದೆ, ಆದರೆ ಜೀವ ಉಳಿಯುತ್ತದೆ. ಹಸಿರು ವೈರು ಇಲ್ಲದಿದ್ದರೆ ಇಡೀ ಗಿರಣಿಯ ಮೈಗೆ ಕರೆಂಟ್ ಏರಿ ಕೂತಿರುತ್ತದೆ. ಫ್ಯೂಸೂ ಹೋಗುವುದಿಲ್ಲ, ಯಾಕೆಂದರೆ ಹರಿಯಲು ದಾರಿಯೇ ಇಲ್ಲ. ಒದ್ದೆ ಕಾಲಿನಲ್ಲಿ ಬಂದು ಮುಟ್ಟಿದವರೇ ದಾರಿ.

ಆ ಮನೆಯಲ್ಲಿ ಅರ್ಥಿಂಗ್ ಕೂಡ ಇರಲಿಲ್ಲ. ಅಂಗಳದಲ್ಲಿ ಗುಂಡಿ ತೋಡಿ, ಜಿ.ಐ. ಪೈಪ್ ಇಳಿಸಿ, ಸುತ್ತ ಇದ್ದಿಲು ಉಪ್ಪು ತುಂಬಿ ಮಾಡಿಸಿದೆವು. ಗುಂಡಿ ತೋಡಿದವರು ಸಂಘದವರೇ. ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕಬೇಕು, ನಿಮ್ಮಲ್ಲೂ ಇದ್ದರೆ ಮರೆಯಬೇಡಿ. ಇದರ ಮೇಲೆ ಆರ್‌ಸಿಸಿಬಿ ಎಂಬ ಸ್ವಿಚ್ ಹಾಕಿಸಿದರೆ ಇನ್ನೂ ಒಳ್ಳೆಯದು. 30 ಮಿಲಿ ಆಂಪಿಯರ್‌ನದ್ದು ಕೇಳಿ. ಅಂದರೆ ಒಂದು ಆಂಪಿಯರ್‌ನ ನೂರರಲ್ಲಿ ಮೂರು ಪಾಲು ಸೋರಿದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಬಂದ್ ಮಾಡುತ್ತದೆ. ಬೆಲೆ ಹೆಚ್ಚು ನಿಜ. ಆದರೆ ಸಂಘದ ಸಾಲದಲ್ಲಿ ಅದನ್ನೂ ಸೇರಿಸಿ ಬರೆಯಬಹುದು, ನಾನೀಗ ಹಾಗೆಯೇ ಬರೆಸುತ್ತೇನೆ.

ಜೋಡಣೆ

ಎರಡು ವೈರನ್ನು ಕೈಯಲ್ಲಿ ತಿರುವಿ ಟೇಪ್ ಸುತ್ತುವುದು ಜೋಡಣೆ ಅಲ್ಲ. ಮಷಿನ್‌ನ ಒಳಗೆ ನಡುವೆ ಗಂಟು ಇರಲೇಬಾರದು, ಸ್ವಿಚ್‌ನಿಂದ ಮೋಟರಿಗೆ ಒಂದೇ ಅಖಂಡ ತುಂಡು ಹೋಗಬೇಕು. ತುದಿಗೆ ಲಗ್ ಎಂಬ ಚಿಕ್ಕ ತಾಮ್ರದ ಟೋಪಿ ಹಾಕಿ ಇಕ್ಕಳದಿಂದ ಒತ್ತಬೇಕು, ಅಥವಾ ಬೆಸುಗೆ ಹಾಕಬೇಕು. ಎಳೆಗಳಲ್ಲಿ ಒಂದೆರಡು ಹೊರಗೆ ಚಾಚಿಕೊಂಡು ಪಕ್ಕದ ಸ್ಕ್ರೂಗೆ ತಾಗಬಾರದು. ಸುಲಿಯುವಾಗ ನಾಲ್ಕು ಎಳೆ ಕಡಿದುಹೋದರೆ ಅಷ್ಟು ವೈರು ಸಣ್ಣದಾದಂತೆ, ಕತ್ತರಿಸಿ ಮತ್ತೆ ಸುಲಿಯಲಿ. ತಗಡಿನ ತೂತಿಗೆ ರಬ್ಬರ್ ಬುಷ್. ವೈರುಗಳನ್ನು ಕಟ್ಟಿ ಬಿಗಿದು ತಿರುಗುವ ಬೆಲ್ಟ್‌ನಿಂದ ದೂರ ಇಡಬೇಕು.

ಜಾಂಬೋಟಿಯ ಗಿರಣಿಗೆ ಬೇಕಾದ ವೈರು, ಲಗ್ಗು, ಎರಡು ಬುಷ್, ಹೊಸ ಮೂರು ಪಿನ್ ಪ್ಲಗ್ ಎಲ್ಲ ಸೇರಿ ಆಗ ಮುನ್ನೂರು ರೂಪಾಯಿ ಆಗಲಿಲ್ಲ. ಅರ್ಥಿಂಗ್ ಖರ್ಚು ಬೇರೆ. ಹುಡುಗ ಕೂಲಿ ಬೇಡ ಎಂದ, ಸಂಘ ಕೊಟ್ಟಿತು.

ಪೇಟೆಗೆ ಹೋದಾಗ

ಬೆಳಗಾವಿ ಪೇಟೆಗೆ ಹೋದಾಗ ಮಷಿನ್ ಪಟ್ಟಿಯ ಮೇಲಿನ ಅಂಕಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ. ವೈರಿಗೆ ಐಎಸ್‌ಐ ಗುರುತು ಕಡ್ಡಾಯ, 2003ರ ಸರ್ಕಾರಿ ಆದೇಶದಿಂದ. ಪಿವಿಸಿ ವೈರಿನ ಮೇಲೆ ಐಎಸ್ 694 ಎಂದು, ಸಿಎಂ/ಎಲ್ ಎಂದು ಶುರುವಾಗುವ ಒಂದು ನಂಬರ್ ಇರುತ್ತದೆ. ಮೊಬೈಲಿನಲ್ಲಿ ಬಿಐಎಸ್ ಕೇರ್ ಎಂಬ ಆ್ಯಪ್ ಇದೆ, ಅದರಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿಯದ್ದೆಂದು ತೋರಿಸುತ್ತದೆ. ನಿಮಗೆ ಬಾರದಿದ್ದರೆ ಕಾಲೇಜಿಗೆ ಹೋಗುವ ಮಗಳಿಗೆ ಹೇಳಿ. ಪೂರ್ತಿ ಸುರುಳಿ ಸಾಮಾನ್ಯವಾಗಿ 90 ಮೀಟರ್ ಇರುತ್ತದೆ, ನಮಗೆ ಬೇಕಾದದ್ದು ಮೂರು ನಾಲ್ಕು ಮೀಟರ್. ಕತ್ತರಿಸಿ ಕೊಡುವಾಗ ಸುರುಳಿಯ ಮೇಲಿನ ಗುರುತು ತೋರಿಸಲು ಹೇಳಿ. ಬಿಲ್ ತೆಗೆದುಕೊಳ್ಳಿ. ಸಂಘದ ಖರ್ಚಿಗೆ ಬಿಲ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ನಿಮಗೆ ಗೊತ್ತೇ ಇದೆ.

ಹಳೆಯ ಮಷಿನ್ ಕೊಳ್ಳುವುದಾದರೆ ಹಣ ಕೊಡುವ ಮೊದಲು ಡಬ್ಬಿ ಬಿಚ್ಚಿ ತೋರಿಸಲು ಕೇಳಿ. ಜೊತೆಗೆ ಒಬ್ಬ ಎಲೆಕ್ಟ್ರಿಷಿಯನ್ ಇರಲಿ. ಅವರ ಹತ್ತಿರ ಮೀಟರ್ ಇದ್ದರೆ ಎರಡು ಪರೀಕ್ಷೆ ಸಾಕು, ಎರಡನ್ನೂ ಪ್ಲಗ್ ಕಿತ್ತೇ ಮಾಡಬೇಕು. ಪ್ಲಗ್ಗಿನ ದಪ್ಪ ಪಿನ್ನಿಗೂ ಮಷಿನ್ ಮೈಗೂ ಹಚ್ಚಿದರೆ ಮೀಟರ್ ಕೂಗಬೇಕು, ಅಂದರೆ ಹಸಿರು ವೈರು ಅಖಂಡ ಇದೆ. ಉಳಿದ ಎರಡು ಪಿನ್ನುಗಳಿಗೂ ಮೈಗೂ ಹಚ್ಚಿದರೆ ಕೂಗಬಾರದು. ಕೂಗಿದರೆ ಒಳಗೆ ಎಲ್ಲೋ ಹರಿದಿದೆ. ಮೆಗ್ಗರ್ ಎಂಬ ಯಂತ್ರ ಇದ್ದರೆ ಇನ್ನೂ ಖಾತ್ರಿ, ಸಣ್ಣ ಸೋರಿಕೆಯೂ ಅದರಲ್ಲಿ ಸಿಗುತ್ತದೆ.

ನಿಮ್ಮ ಹೆಣ್ಣುಮಕ್ಕಳಲ್ಲಿ ಈ ಕೆಲಸಕ್ಕೆ ಆಸಕ್ತಿ ಇದ್ದವರಿದ್ದರೆ, ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ಉಚಿತವಾಗಿ ಊಟ ವಸತಿ ಕೊಟ್ಟು ತರಬೇತಿ ನಡೆಯುತ್ತದೆ. ಮೋಟರ್ ರಿವೈಂಡಿಂಗ್, ಮನೆ ವೈರಿಂಗ್ ಅವುಗಳ ಪಟ್ಟಿಯಲ್ಲಿವೆ. ಹತ್ತು ಹಳ್ಳಿಗೆ ಒಬ್ಬಳು ಮಿಕ್ಸರ್ ರಿಪೇರಿ ಕಲಿತರೂ ಅವಳ ಹೊಟ್ಟೆ ತುಂಬುತ್ತದೆ, ನಾವು ಖಾನಾಪುರಕ್ಕೆ ಮಿಕ್ಸರ್ ಹೊತ್ತು ಬಸ್ಸಿನಲ್ಲಿ ಹೋಗುವುದೂ ತಪ್ಪುತ್ತದೆ.

ಯಾರಿಗಾದರೂ ಕರೆಂಟ್ ಹಿಡಿದರೆ ಅವರನ್ನು ಕೈಯಿಂದ ಎಳೆಯಬೇಡಿ. ಮೊದಲು ಮೇನ್ ಬಂದ್ ಮಾಡಿ. ಅದು ಸಿಗದಿದ್ದರೆ ಒಣ ಕಟ್ಟಿಗೆಯಿಂದ ದೂಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಬಲವಾಗಿ, ಬೇಗ ಬೇಗ ಒತ್ತುತ್ತಿರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎದ್ದು ಕೂತು "ನನಗೇನೂ ಆಗಿಲ್ಲ" ಎಂದರೂ ಡಾಕ್ಟರಿಗೆ ತೋರಿಸಿ, ಹೃದಯದ ಬಡಿತ ಆಮೇಲೆ ತಪ್ಪುವುದುಂಟು. ಕಂಬದ ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ತಿಳಿಸಿ, ಅದು ಹೆಸ್ಕಾಂನ ನಂಬರ್.

ಮುಂದಿನ ಸಭೆಗೆ

ಪ್ರತಿ ಸಂಘವೂ ತನ್ನ ಮಷಿನ್‌ಗಳ ಪಟ್ಟಿ ಮಾಡಿ ತರಲಿ. ಪಟ್ಟಿಯ ಮೇಲಿನ ವಾಟ್ ಅಥವಾ ಆಂಪಿಯರ್, ಪ್ಲಗ್ಗಿಗೆ ಎಷ್ಟು ಪಿನ್, ಮನೆಯಲ್ಲಿ ಅರ್ಥಿಂಗ್ ಇದೆಯೇ, ಕೊನೆಯ ಸಲ ಯಾರು ರಿಪೇರಿ ಮಾಡಿದರು ಎಂದು ಬರೆಯಿರಿ. ಮುಟ್ಟಿದರೆ ಜುಮ್ ಎನ್ನುವ ಮಷಿನ್ ಯಾರಲ್ಲಾದರೂ ಇದ್ದರೆ ಇವತ್ತೇ ಪ್ಲಗ್ ಕಿತ್ತಿಡಿ, ಸಭೆಯವರೆಗೆ ಕಾಯಬೇಡಿ. ಕಂತಿನ ತೊಂದರೆಯಾದರೆ ನನಗೆ ಹೇಳಿ, ಬ್ಯಾಂಕಿನವರ ಜೊತೆ ಮಾತಾಡೋಣ.

ಜಾಂಬೋಟಿ ಕಡೆಯ ಆ ಸಂಘ ಒಡೆಯಲಿಲ್ಲ. ಗಿರಣಿ ಆಗಸ್ಟ್ ಕೊನೆಗೆ ಮತ್ತೆ ಶುರುವಾಯಿತು, ಸಾಲ ಐದು ತಿಂಗಳು ತಡವಾಗಿ ಮುಗಿಯಿತು. ಕೈ ಮುರಿದುಕೊಂಡ ಅಕ್ಕ ಈಗ ಅದೇ ಸಂಘದ ಸದಸ್ಯೆ. ಗಿರಣಿಗೆ ಯಾರೇ ಬಂದರೂ ಮೊದಲು ಅವರ ಕಾಲು ನೋಡುತ್ತಾರಂತೆ, ಚಪ್ಪಲಿ ಇದೆಯೋ ಇಲ್ಲವೋ ಎಂದು.